ಅಡ್ಡಹೆಸರು ಯಾರ ಕಸುಬು?

ನಮ್ಮ ಧಾರವಾಡದ ಕಡೆ ಶಾಲೆಯ ಹಾಜರಿ ಪುಸ್ತಕವನ್ನು ಗಟ್ಟಿಯಾಗಿ ಓದಿದರೆ ಸಾಕು, ಒಂದು ಇಡೀ ಊರು ಕಣ್ಣ ಮುಂದೆ ಎದ್ದು ನಿಲ್ಲುತ್ತದೆ. ಬಡಿಗೇರ, ಕಮ್ಮಾರ, ಕುಂಬಾರ, ಗಾಣಿಗೇರ, ಹಡಪದ, ಮಡಿವಾಳರ, ಹೂಗಾರ, ಮೇದಾರ, ಪತ್ತಾರ, ತಳವಾರ, ವಾಲೀಕಾರ, ನದಾಫ, ಅತ್ತಾರ, ಬಾಗವಾನ, ಮಣಿಯಾರ. ಒಬ್ಬೊಬ್ಬರೇ 'ಎಸ್ ಅಕ್ಕೋರೆ' ಎಂದು ಎದ್ದು ಕೂಡುವಷ್ಟರಲ್ಲಿ ಕಟ್ಟಿಗೆ ಕೆತ್ತಿದ್ದಾಯಿತು, ಕಬ್ಬಿಣ ಕಾಯಿಸಿದ್ದಾಯಿತು, ಎಣ್ಣೆ ಹಿಂಡಿದ್ದಾಯಿತು, ಅರಳೆ ಹಿಂಜಿದ್ದಾಯಿತು, ಹೂವು ಕಟ್ಟಿದ್ದೂ ಆಯಿತು. ಅಳ್ನಾವರದಲ್ಲಿ ಶಾಲೆ ಕಲಿಸಿದ ಮೂವತ್ತು ವರ್ಷ ದಿನಾ ಮುಂಜಾನೆ ನಾನು ಈ ಹೆಸರುಗಳನ್ನು ಕೂಗಿದ್ದೇನೆ. ಕೂಗಿಸಿಕೊಂಡ ಹುಡುಗರಲ್ಲಿ ಹೆಚ್ಚಿನವರು ಆ ಕಸುಬಿನ ಹತಾರವನ್ನು ಕೈಯಲ್ಲಿ ಹಿಡಿದವರಲ್ಲ. ಗಾಣಿಗೇರರ ಹುಡುಗ ಮೊಬೈಲ್ ರಿಪೇರಿ ಮಾಡುತ್ತಾನೆ, ಕುಂಬಾರರ ಹುಡುಗಿ ಬ್ಯಾಂಕಿನಲ್ಲಿದ್ದಾಳೆ. ಕಸುಬು ಹೋಯಿತು, ಅದರ ನೆರಳು ಮಾತ್ರ ಹೆಸರಿನ ಹಿಂದೆ ಉಳಿಯಿತು.

ಈ ನೆರಳಿಗೆ ನಾವು ಅಡ್ಡಹೆಸರು ಎನ್ನುತ್ತೇವೆ. ಮೈಸೂರು ಕಡೆಯ ಗೆಳತಿಯರಿಗೆ ಇದು ಬೆರಗು. ಅವರಿಗೆ ಊರಿನದೊಂದು, ತಂದೆಯದೊಂದು ಅಕ್ಷರ ಮುಂದಿಟ್ಟರೆ ಮುಗಿಯಿತು. ನಮ್ಮ ಊರಿನ ಹೆಸರನ್ನೇ ಅಡ್ಡಹೆಸರೆಂದು ತಿಳಿದು, 'ಅಳ್ನಾವರ ಅಂದ್ರೆ ಯಾವ ಮನೆತನದವರು?' ಎಂದು ಕೇಳಿದವರೂ ಇದ್ದಾರೆ. ಅವರದೂ ತಪ್ಪಿಲ್ಲ. ನಮ್ಮಲ್ಲಿ ಎಷ್ಟೋ ಮನೆತನದ ಹೆಸರುಗಳು 'ಅವರ', 'ನವರ' ಎಂದೇ ಮುಗಿಯುತ್ತವೆ. ಊರು ನಿಜಕ್ಕೂ ರೈಲಿನದು ಮತ್ತು ಕಟ್ಟಿಗೆಯದು. ಹುಬ್ಬಳ್ಳಿ-ಲೋಂಡಾ ದಾರಿಯಿಂದ ದಾಂಡೇಲಿಯ ಕಡೆಗೆ ಹಳಿ ಕವಲೊಡೆಯುವುದು ಇಲ್ಲಿಯೇ. ದಾಂಡೇಲಿ, ಹಳಿಯಾಳದ ಅಡವಿಯ ಸಾಗವಾನಿ ಈ ಕಡೆಯೇ ಹಾಯ್ದು ಹೋಗುತ್ತಿತ್ತು. ಇಂಥ ಊರಿನಲ್ಲಿ ಬಡಿಗೇರರು ಹೆಚ್ಚಿದ್ದರೆ ಆಶ್ಚರ್ಯವಿಲ್ಲ. ನಾನು ಕೊಟ್ಟ ಮನೆಯೂ ಬಡಿಗೇರರದೇ, ಹುಟ್ಟಿದ್ದು ಪತ್ತಾರರ ಮನೆಯಲ್ಲಿ. ಬಂಗಾರದಿಂದ ಕಟ್ಟಿಗೆಗೆ ಬಂದೆ ಎಂದು ನಮ್ಮ ತವರಿನವರು ಚೇಷ್ಟೆ ಮಾಡುತ್ತಿದ್ದರು.

ಹೆಸರಿನ ಒಳಗೆ ಕಿವಿಯಿಟ್ಟು ಕೇಳಿ. 'ಬಡಿಗ' ಎಂದರೆ ಕಸುಬಿನವನು. 'ಬಡಿಗೇರ' ಎಂದರೆ ಬಡಿಗರ, ಅವರಿಗೆ ಸೇರಿದ್ದು. ಹಡಪದ, ಬೆಲ್ಲದ, ತುಪ್ಪದ ಎಲ್ಲವೂ ಹಾಗೆಯೇ. 'ಯಾರ ಮನೀದು?' ಎಂದು ಯಾರೋ ಬಾಗಿಲಲ್ಲಿ ನಿಂತು ಕೇಳಿದ್ದಕ್ಕೆ ಕೊಟ್ಟ ಉತ್ತರ ಅದು. ಉತ್ತರ ಮೊದಲು ಬೇಕಾದದ್ದು ಸುಗ್ಗಿಯ ಕಣದಲ್ಲಿ. ಬಡಿಗ ಕೂರಿಗೆ, ಕುಂಟೆ ಮಾಡಿಕೊಟ್ಟರೆ, ಕಮ್ಮಾರ ಕುಡ ಹಣಿದುಕೊಟ್ಟರೆ ಕೈಗೆ ರೊಕ್ಕ ಬರುತ್ತಿರಲಿಲ್ಲ. ರಾಶಿಯ ದಿನ ಕಣಕ್ಕೆ ಹೋಗಿ ತಮ್ಮ ಪಾಲಿನ ಕಾಳು, ಮೇವು ತರಬೇಕು. ಅದೇ ಆಯ, ಅದನ್ನು ಪಡೆಯುವವರು ಆಯಗಾರರು. ಮರಾಠಿಯವರು ಬಲೂತೇದಾರರು ಎನ್ನುತ್ತಾರೆ. ಹನ್ನೆರಡು ಮಂದಿ ಎಂದು ಮಾತು, ಯಾದಿ ಮಾತ್ರ ಊರಿಗೊಂದು. ಯಾರ ಪಾಲು ಮುಟ್ಟಿತು, ಯಾರದು ಉಳಿಯಿತು ಎಂಬ ಲೆಕ್ಕಕ್ಕೆ ಕಸುಬಿನ ಹೆಸರೇ ಬೇಕು.

ಪೇಟೆಯವರ ಹೆಸರಿನ ಚೆಲುವೇ ಬೇರೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ತುಪ್ಪದ, ಅಕ್ಕಿ, ಉಪ್ಪಿನ, ಎಣ್ಣಿ, ಹತ್ತಿ. ಹುಬ್ಬಳ್ಳಿಯ ಒಂದು ಲಗ್ನಪತ್ರಿಕೆಯ ಕೆಳಗಿನ 'ತಮ್ಮ ಆಗಮನಾಭಿಲಾಷಿಗಳು' ಸಾಲನ್ನು ಹಿಡಿದುಕೊಂಡು ಹೋದರೆ ತಿಂಗಳ ಕಿರಾಣಿ ತರಬಹುದು.

ಇನ್ನು ಹುದ್ದೆಯ ಹೆಸರುಗಳು: ದೇಸಾಯಿ, ದೇಶಪಾಂಡೆ, ನಾಡಗೌಡ, ಪಾಟೀಲ, ಕುಲಕರ್ಣಿ. ಇವರು ಕೆತ್ತುವ, ನೇಯುವ ಕಸುಬಿನವರಲ್ಲವೆಂದು ನಾವು ಬೇರೆಯಾಗಿ ನೋಡುತ್ತೇವೆ. ಆದರೆ ಊರಿನ ಲೆಕ್ಕ ಬರೆಯುವುದೂ ಒಂದು ಕಸುಬೇ, ಅದಕ್ಕೆ ಸಿಕ್ಕ ಆಯದ ಹೆಸರು ವತನ. ವ್ಯತ್ಯಾಸವೆಂದರೆ ಇವರ ಹೆಸರನ್ನು ಸರಕಾರ ಕಾಯ್ದೆ ಮಾಡಿ ಕಾಪಾಡಿತು. ಮುಂಬಯಿ ಸರಕಾರ 1874ರಲ್ಲಿ ವಂಶಪಾರಂಪರ್ಯ ಹುದ್ದೆಗಳ ಕಾಯ್ದೆ ತಂದಿತು. ಅದಕ್ಕೆ 1886ರಲ್ಲಿ ಬಂದ ತಿದ್ದುಪಡಿಯನ್ನು ನಾವು ಹೆಂಗಸರು ಓದಬೇಕು. ಕೊನೆಯ ವತನದಾರನ ವಿಧವೆಯೊಬ್ಬಳನ್ನು ಬಿಟ್ಟು, ಮನೆತನದ ಯಾವ ಹೆಣ್ಣಿಗೂ ವತನ ಬರಬೇಕಾದರೆ ಅರ್ಹರಾದ ಗಂಡಸರೆಲ್ಲ ಮೊದಲು ಮುಗಿಯಬೇಕೆಂದು ಅದರಲ್ಲಿ ಬರೆದರು. ಮಗಳಿಗಿಂತ ದೂರದ ದಾಯಾದಿ ಮುಂದೆ. ಕುಲಕರ್ಣಿ ವತನಗಳು 1950ರ ಕಾಯ್ದೆಯಿಂದ ಹೋದವು. ಉಳಿದ ಗ್ರಾಮಾಧಿಕಾರದ ವತನಗಳನ್ನು ಅಳಿಸುವ ಕಾಯ್ದೆ 1961ರಲ್ಲಾಗಿ, 1963ರಲ್ಲಿ ಜಾರಿಗೆ ಬಂತು. ಹುದ್ದೆ ಹೋದರೂ ಪಾಟೀಲರು ಪಾಟೀಲರಾಗಿಯೇ ಉಳಿದರು.

ನನ್ನ ಮಗಳು ಈಗ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿದ್ದಾಳೆ. ಅಲ್ಲಿ ಯಾರೋ ಅವಳ ಅಡ್ಡಹೆಸರಿನ ಅರ್ಥ ಕೇಳಿದರಂತೆ. ಕಟ್ಟಿಗೆ ಕೆಲಸದವರು ಎಂದಳು. 'ಹಾಗಾದರೆ ನೀನು ನಮ್ಮ ರೈಟ್' ಎಂದರು. ಅಲ್ಲಿ ಬಡಿಗನಿಗೆ ರೈಟ್, ಕಮ್ಮಾರನಿಗೆ ಸ್ಮಿತ್. ಅಡವಿ ಕಾಯುವವನು ಫಾರೆಸ್ಟರ್. ಅವಳು ಫೋನಿನಲ್ಲಿ ಇದನ್ನು ಹೇಳಿದ ಮೇಲೆ ನಾನು ಆ ದೇಶದ ಹೆಸರುಗಳ ಬೆನ್ನು ಹತ್ತಿದೆ. ನಿವೃತ್ತಿಯಾದವರಿಗೆ ಇಂಥ ಹುಚ್ಚು ಒಂದಾದರೂ ಬೇಕು.

ಅವರಲ್ಲಿಯೂ ಹುದ್ದೆಯ ಹೆಸರೊಂದು ದೇಸಾಯಿಯ ಹಾಗೆ ಬೆಳೆದು ಗದ್ದುಗೆ ಏರಿದೆ. ಅದು ಸ್ಟುವರ್ಟ್. ಮೂಲದಲ್ಲಿ ಅರಮನೆಯ ಕಾರಭಾರಿ ಎಂದಷ್ಟೇ ಅರ್ಥ. ಕಾರಭಾರ ಮನೆತನದಲ್ಲಿ ಉಳಿಯಿತು, ಹುದ್ದೆಯೇ ಅಡ್ಡಹೆಸರಾಯಿತು, 1371ರಲ್ಲಿ ಆ ಮನೆಯವನೇ ಸ್ಕಾಟ್ಲೆಂಡಿನ ರಾಜನಾದ. ಅವರ ಗುರಾಣಿಯ ಲಾಂಛನದಲ್ಲಿ ಬಂಗಾರದ ಬಣ್ಣದ ನಡುವೆ ನೀಲಿ-ಬಿಳಿ ಚೌಕುಳಿಯ ಒಂದು ಪಟ್ಟಿ ಇದೆ. ಹಿಂದೆ ಲೆಕ್ಕ ಹಾಕುವಾಗ ಹಾಸುತ್ತಿದ್ದ ಚೌಕುಳಿ ಬಟ್ಟೆಯ ಗುರುತು ಅದು ಎನ್ನುತ್ತಾರೆ. ರಾಜನ ಗುರಾಣಿಯ ಮೇಲೆ ಕುಲಕರ್ಣಿಯ ದಫ್ತರ ಎಂದುಕೊಳ್ಳಿ! ಫಾರೆಸ್ಟರ್ ಮನೆತನದ ಗುರಾಣಿಯ ಮೇಲೆ ಮೂರು ಬೇಟೆಯ ಕಹಳೆಗಳಿವೆ. ಇಂಥ ಲಾಂಛನಗಳಿಗೆ ಅಲ್ಲಿ ಲಾರ್ಡ್ ಲಯನ್ ಎಂಬ ಅಧಿಕಾರಿಯೇ ಇದ್ದಾನೆ. ನೋಂದಣಿಯ ದೊಡ್ಡ ಪುಸ್ತಕವನ್ನು 1672ರ ಕಾಯ್ದೆಯಿಂದ ಇಟ್ಟುಕೊಂಡು ಬಂದಿದ್ದಾರೆ. ಲಾಂಛನ ಸಿಗುವುದು ಒಬ್ಬ ವ್ಯಕ್ತಿಗೆ. ಸ್ಮಿತ್ ಎಂಬ ಹೆಸರಿದ್ದವರಿಗೆಲ್ಲ ಒಂದೇ ಲಾಂಛನ ಎಂಬುದಿಲ್ಲ. ಪ್ರವಾಸಿಗಳಿಗೆ ಅಡ್ಡಹೆಸರಿನ ಲಾಂಛನವೆಂದು ಕೀಲಿಗೊಂಚಲು, ಕಪ್ಪು ಮಾರುವುದು ಬರೀ ವ್ಯಾಪಾರ. ಹೆಣ್ಣಿಗೆ ಗುರಾಣಿ ಯಾಕೆ, ಅವಳೇನು ಯುದ್ಧಕ್ಕೆ ಹೋಗುತ್ತಾಳೆಯೇ ಎಂದು ಅವಳ ಲಾಂಛನವನ್ನು ಹರಳಿನ ಆಕಾರದ ನಾಲ್ಕು ಮೂಲೆಯ ಚೌಕಟ್ಟಿನಲ್ಲೋ ಅಂಡಾಕಾರದಲ್ಲೋ ಬರೆಯುವ ರೂಢಿ.

ಯುದ್ಧಕ್ಕೆ ಹೋಗುವ ಹೆಣ್ಣನ್ನು ಒಬ್ಬ ಸ್ಕಾಟ್ಲೆಂಡಿನವನು ನಮ್ಮ ಪಕ್ಕದ ಕಿತ್ತೂರಿನಲ್ಲಿಯೇ ಕಂಡಿದ್ದ. 1824ರ ಅಕ್ಟೋಬರಿನಲ್ಲಿ ಕಲೆಕ್ಟರ್ ಥ್ಯಾಕರೆ ಕಿತ್ತೂರಿನಲ್ಲಿ ಸತ್ತಾಗ, ಚೆನ್ನಮ್ಮ ರಾಣಿಯ ಕಡೆಯವರು ಸೆರೆಹಿಡಿದ ಇಬ್ಬರು ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಎಡಿನ್‌ಬರೋದಲ್ಲಿ ಹುಟ್ಟಿದವನು, ಆಗಿನ್ನೂ ಇಪ್ಪತ್ತೊಂದರ ಹರೆಯ. ಬದುಕಿ ಬಿಡುಗಡೆಯಾಗಿ ಬಂದವನು ಮುಂದೆ ಈ ನಾಡಿನ ಐನೂರಕ್ಕೂ ಹೆಚ್ಚು ಶಾಸನಗಳ ನಕಲು ಕೂಡಿಹಾಕಿದ. ಚಾಲುಕ್ಯರ ಚರಿತ್ರೆಯನ್ನು 1837ರಲ್ಲಿ ಅಚ್ಚು ಮಾಡಿಸಿದ. ದಕ್ಷಿಣದ ನಾಣ್ಯಗಳ ಮೇಲೆ ಪುಸ್ತಕವನ್ನೂ ಬರೆದ. ನಾಣ್ಯವೆಂದರೆ ಲಾಂಛನವೇ ಅಲ್ಲವೇ? ಚಾಲುಕ್ಯರ ಹಂದಿ, ಕದಂಬರ ಸಿಂಹ. ಹಂದಿಯ ಗುರುತಿನ ದೆಸೆಯಿಂದಲೇ ಹೊನ್ನಿಗೆ ವರಹ ಎಂಬ ಹೆಸರು ಬಂತು. ನಮ್ಮ ಊರಿನ ವಾಯವ್ಯಕ್ಕೆ, ಖಾನಾಪುರ ತಾಲೂಕಿನ ಹಲಸಿಯಲ್ಲಿ ಆಳಿದ ಗೋವೆಯ ಕದಂಬರು ಸಿಂಹದ ಲಾಂಛನದ ಜೊತೆಗೆ ಹನುಮನ ಬಾವುಟವನ್ನೂ ಇಟ್ಟುಕೊಂಡಿದ್ದರು. ವ್ಯಾಪಾರಿಗಳೂ ಹಿಂದೆ ಬಿದ್ದಿರಲಿಲ್ಲ: ಅಯ್ಯಾವೊಳೆಯ ಐನೂರ್ವರು ತಮ್ಮದು ಗುಡ್ಡದ ಗುರುತಿನ ಬಾವುಟ ಎಂದು ಶಾಸನಗಳಲ್ಲಿ ಹೊಗಳಿಕೊಂಡಿದ್ದಾರೆ.

ಬಡವರ ಲಾಂಛನ ಕಲ್ಲಿನಲ್ಲಿ ಸಿಗದು, ಲಗ್ನದ ಹಂದರದಲ್ಲಿ ಸಿಗುತ್ತದೆ. ನಮ್ಮೂರ ಕಡೆಯ ಮರಾಠಾ ಮನೆಗಳಲ್ಲಿ ಲಗ್ನಕ್ಕೆ ಮೊದಲು ದೇವಕ ಕೂಡಿಸುತ್ತಾರೆ. ಮನೆತನದ ಗುರುತು ಒಂದು ಮರದ ಟೊಂಗೆ, ನವಿಲಗರಿ ಅಥವಾ ಕತ್ತಿ. ಕದಮ್ ಎಂಬ ಅಡ್ಡಹೆಸರಿನವರಿಗೆ ಕದಂಬ ಮರ. ಬನವಾಸಿಯ ಕದಂಬರೂ ಮನೆಯ ಹತ್ತಿರದ ಆ ಮರದಿಂದಲೇ ಹೆಸರು ಪಡೆದರೆಂದು ತಾಳಗುಂದದ ಶಾಸನ ಹೇಳುತ್ತದೆ. ಕೆಲವು ಕಸುಬಿನವರಲ್ಲಿ ಹತಾರವೇ ದೇವಕ. ನಮ್ಮ ಮನೆಯಲ್ಲಿ ಮಹಾನವಮಿಯ ಖಂಡೇಪೂಜೆಗೆ ಬಾಚಿ, ಉಳಿ, ಗರಗಸ ಸಾಲಾಗಿ ಕುಳಿತು ಕುಂಕುಮ ಇಟ್ಟುಕೊಳ್ಳುವುದನ್ನು ನೋಡಿದರೆ, ಲಾರ್ಡ್ ಲಯನ್ ಸಾಹೇಬರಿಗೂ ಒಂದು ನಮಸ್ಕಾರ ಮಾಡುವ ಮನಸ್ಸಾದೀತು.

ನಾನು ತಡೆದು ನಿಂತದ್ದು ಮಾತ್ರ ಇನ್ನೊಂದು ಹೆಸರಿನ ಮುಂದೆ. ಸ್ಕಾಟ್ಲೆಂಡಿನಲ್ಲಿ ಬ್ಯಾಕ್ಸ್ಟರ್ ಎಂಬ ಅಡ್ಡಹೆಸರು ಬಹಳ. ಅರ್ಥ ರೊಟ್ಟಿ ಸುಡುವವರು. ಹಾಗಾದರೆ ಬೇಕರ್ ಎಂದಾಗಬೇಕಿತ್ತಲ್ಲ? ಹಳೆಯ ಇಂಗ್ಲಿಷಿನಲ್ಲಿ ಈ 'ಸ್ಟರ್' ಎಂಬ ಬಾಲ ಹೆಣ್ಣಿಗೆ ಹಚ್ಚುವುದು. ಬ್ಯಾಕ್ಸ್ಟರ್ ಎಂದರೆ ರೊಟ್ಟಿ ಸುಡುವವಳು, ವೆಬ್‌ಸ್ಟರ್ ನೇಯುವವಳು, ಬ್ರೂಸ್ಟರ್ ಮದ್ಯ ಕಾಯಿಸುವವಳು. ಬರಬರುತ್ತ ಉತ್ತರದ ಕಡೆ ಗಂಡಸರಿಗೂ ಅದೇ ಮಾತು ಬಳಕೆಯಾಯಿತು. ರೊಟ್ಟಿಯವರ ಸಂಘದ ಹೆಸರೇ ಬ್ಯಾಕ್ಸ್ಟರರ ಸಂಘ. ಎಡಿನ್‌ಬರೋದ ಡೀನ್ ವಿಲೇಜ್ ಎಂಬಲ್ಲಿ 1675ರಲ್ಲಿ ಅವರು ಕಟ್ಟಿಸಿದ ಮನೆಯೊಂದು ಇಂದಿಗೂ ಇದೆ; ಮಗಳು ಫೋಟೋ ಕಳಿಸಿದ್ದಳು. ಕಲ್ಲಿನ ಮೇಲೆ ದೇವರ ಆಶೀರ್ವಾದ ಬೇಡಿ ತಮ್ಮ ಸಂಘದ ಹೆಸರು ಕೆತ್ತಿಸಿದ್ದಾರೆ. ಭಟ್ಟಿಯೊಳಗೆ ರೊಟ್ಟಿ ತಳ್ಳುವ ಉದ್ದ ಹಿಡಿಯ ಸಲಿಕೆಗಳೇ ಅವರ ಲಾಂಛನ. ಗಡ್ಡಮೀಸೆಯ ಗಂಡಸರು ತಲೆತಲಾಂತರದಿಂದ 'ರೊಟ್ಟಿ ಸುಡುವವಳು' ಎಂಬ ಹೆಸರು ಹೊತ್ತು ತಿರುಗುತ್ತಿದ್ದಾರೆ, ಅದರಿಂದ ಅವರ ಗಂಡಸುತನಕ್ಕೆ ಏನೂ ಕಡಿಮೆಯಾಗಿಲ್ಲ.

ಹಾಗಾದರೆ ನಮ್ಮ 'ಸ್ಟರ್' ಯಾವುದು? ಹುಡುಕಲು ದೂರ ಹೋಗಬೇಕಿಲ್ಲ, 'ಗಿತ್ತಿ'. ಒಕ್ಕಲಗಿತ್ತಿ, ಕುಂಬಾರಗಿತ್ತಿ, ಅಗಸಗಿತ್ತಿ, ಬಳಿಗಾರಗಿತ್ತಿ, ಸೂಲಗಿತ್ತಿ. ನನ್ನ ಅವ್ವನ ಬಾಯಲ್ಲಿ ಈ ಮಾತುಗಳು ದಿನಕ್ಕೆ ಹತ್ತು ಸಲ ಬರುತ್ತಿದ್ದವು. ಆದರೆ ನನ್ನ ಮೂವತ್ತು ವರ್ಷದ ಹಾಜರಿಯಲ್ಲಿ ಒಬ್ಬ ಕುಂಬಾರಗಿತ್ತಿಯೂ ಬರಲಿಲ್ಲ. ಎಲ್ಲವೂ ಕುಂಬಾರ. ರೇಷನ್ ಕಾರ್ಡಿನಲ್ಲಿಲ್ಲ, ಹೊಲದ ಉತಾರದಲ್ಲಿಲ್ಲ, ಲಗ್ನಪತ್ರಿಕೆಯಲ್ಲಿ ಅಂತೂ ಇಲ್ಲವೇ ಇಲ್ಲ.

ಹೆಂಗಸರು ಆ ಕಸುಬು ಮಾಡಲಿಲ್ಲವೆಂದೇ? ತಿಗರಿಯ ಮುಂದೆ ಕೂಡುವವನು ಕುಂಬಾರ ನಿಜ. ಅರಲು ಸೋಸಿ, ತುಳಿದು ಹದ ಮಾಡಿ, ಹಸಿ ಗಡಿಗೆಯನ್ನು ನುಣುಪು ಕಲ್ಲಿನಿಂದ ತಿಕ್ಕಿ, ಸುಟ್ಟ ಮೇಲೆ ತಲೆಯ ಮೇಲೆ ಹೊತ್ತು ಸಂತೆಯಲ್ಲಿ ಮಾರುವವಳು ಯಾರು? ಕಂಡಿಕೆ ಸುತ್ತಿಕೊಡುವವಳಿಲ್ಲದಿದ್ದರೆ ನೇಕಾರನ ಲಾಳಿ ಎಷ್ಟು ಹೊತ್ತು ಓಡೀತು? ನನ್ನ ಅವ್ವ ಅಗ್ಗಿಷ್ಟಿಗೆಯ ಮುಂದೆ ಕೂತು ಊದುಗೊಳವೆ ಊದಿ ಊದಿ ಕೆಮ್ಮು ಹಚ್ಚಿಕೊಂಡವಳು. ಪತ್ತಾರರ ಮನೆಯ ಕಸಕ್ಕೂ ಬೆಲೆ ಇದೆ, ಗೊತ್ತೇ? ಕೆಲಸದ ಕೋಣೆ ಗುಡಿಸಿದ ಧೂಳನ್ನು ಕೂಡಿಹಾಕಿದರೆ ಅದನ್ನು ತೊಳೆದು ಬಂಗಾರದ ಪುಡಿ ತೆಗೆಯುವವರು ಬಂದು ಕೊಂಡೊಯ್ಯುತ್ತಾರೆ. ಆ ಧೂಳು ಕೂಡಿಸಿದವಳು ಅವ್ವ, ರೊಕ್ಕ ಎಣಿಸಿಕೊಂಡವರು ಅಪ್ಪ. ಅಪ್ಪನಿಗೆ 'ಪತ್ತಾರ ಮಾಸ್ತರ' ಎಂದು ಊರೆಲ್ಲ ಮರ್ಯಾದೆ. ಅವ್ವನಿಗೆ 'ಪತ್ತಾರರ ಮನೀ ಹೆಣಮಗಳು'.

ನಮ್ಮ ನಾಡಿನಲ್ಲಿ ಎಂದೂ ಹೀಗೇ ಇತ್ತೆಂದು ಹೇಳಿದರೆ ನಾನು ಒಪ್ಪುವುದಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದ ಹಾಜರಿ ಕೂಗಿ ನೋಡಿ. ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ. ಬಸವಣ್ಣನವರ ತಾಂಬೂಲದ ಚೀಲ ಹಿಡಿದ ಅಪ್ಪಣ್ಣನಿಗೆ ಆ ಚೀಲದ ಹೆಸರೇ ಬಂತು, ಹಡಪದ. ಅದೇ ಸಾಲಿನಲ್ಲಿ ನೂಲುವ ಕದಿರಿನ ರೆಮ್ಮವ್ವೆ ಇದ್ದಾಳೆ, ಭತ್ತ ಕುಟ್ಟುವ ಕೊಟ್ಟಣದ ಸೋಮಮ್ಮ ಇದ್ದಾಳೆ. ಗಂಡನ ಕಸುಬು ಇವರ ಹೆಸರಿನಲ್ಲಿಲ್ಲ, ತಾವು ದುಡಿದದ್ದೇ ಇದೆ. ರೆಮ್ಮವ್ವೆಯಂತೂ ತಾನು ತಿರುಗಿಸುವ ರಾಟೆಯ ಒಂದೊಂದು ಅಂಗಕ್ಕೂ ಒಂದೊಂದು ದೇವರನ್ನು ಕೂಡಿಸಿ ವಚನ ಹೇಳಿದಳು. ಗುಮ್ಮೇಶ್ವರ ಎಂಬ ಅಂಕಿತದೊಳಗೂ ಕದಿರನ್ನು ಸೇರಿಸಿಕೊಂಡಳು. ಗುರಾಣಿಯ ಮೇಲೆ ಸಿಂಹ ಬರೆಸಿಕೊಂಡವರಿಗಿಂತ ಇದೇನು ಕಡಿಮೆಯ ಲಾಂಛನವೇ? ಆಮೇಲೂ ಚಿತ್ರದುರ್ಗದ ಓಬವ್ವನಿಗೆ ಒನಕೆ ಬಂತು. ಅವಳ ಗಂಡನ ಗುರುತು ಕಹಳೆ. ಕಹಳೆಯ ಮುದ್ದಹನುಮನನ್ನು ಜನ ನೆನೆಯುವುದು ಒನಕೆಯ ಹೆಂಡತಿಯ ದೆಸೆಯಿಂದ. ನಮ್ಮ ಕಾಲದಲ್ಲಿ ಪಾವಗಡದ ನರಸಮ್ಮನವರು ದುಡ್ಡು ಮುಟ್ಟದೆ ಸಾವಿರಾರು ಹೆರಿಗೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಪತ್ರಿಕೆಗಳಲ್ಲಿ ಅಚ್ಚಾದ ಹೆಸರು ಸೂಲಗಿತ್ತಿ ನರಸಮ್ಮ ಎಂದೇ. ಅದೇ ವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ಆದರೆ ಈ ಎಲ್ಲ ಹೆಸರುಗಳೂ ಹೆಣ್ಣಿನ ಜೊತೆಗೇ ಮುಗಿದವು. ರೆಮ್ಮವ್ವೆಯ ಮಕ್ಕಳು ಮೊಮ್ಮಕ್ಕಳು 'ಕದಿರ' ಎಂಬ ಅಡ್ಡಹೆಸರು ಹಚ್ಚಿಕೊಳ್ಳಲಿಲ್ಲ, ಸೂಲಗಿತ್ತಿ ಎಂಬ ಮನೆತನ ಹುಟ್ಟಲಿಲ್ಲ. ಬ್ಯಾಕ್ಸ್ಟರಳಿಗೆ ಸಿಕ್ಕದ್ದು ಇವರಿಗೆ ಸಿಗಲಿಲ್ಲ.

ಲಗ್ನದ ದಿನ ಇದು ಇನ್ನೂ ವಿಚಿತ್ರವಾಗಿ ಕಾಣುತ್ತದೆ. ನಮ್ಮ ಕಡೆಯ ಹಳೆಯ ಪದ್ಧತಿಯ ಮದುವೆಯೊಂದಕ್ಕೆ ಆಯಗಾರರೆಲ್ಲ ಬೇಕು. ಬಡಿಗೇರರು ಹಂದರಕ್ಕೆ ಹಾಲಗಂಬ ತರಬೇಕು. ಕುಂಬಾರರ ಮನೆಗೆ ಮುತ್ತೈದೆಯರು ವಾಲಗದೊಂದಿಗೆ ಹೋಗಿ ಬಣ್ಣ ಬರೆದ ಐರಣಿ ಗಡಿಗೆ ತರಬೇಕು. ಹೂಗಾರರು ದಂಡೆ ತಂದರು, ಬಳಿಗಾರರು ಹಸಿರು ಬಳೆ ಇಡಿಸಿದರು, ಪತ್ತಾರರು ತಾಳಿ ತೂಗಿಕೊಟ್ಟರು, ಮಡಿವಾಳರು ನಡೆಮಡಿ ಹಾಸಿದರು. ಒಬ್ಬೊಬ್ಬರ ಅಡ್ಡಹೆಸರು ಕೂಗಿ ಆಯೇರಿ ಕೊಡುತ್ತಾರೆ. ಅಷ್ಟೊಂದು ಅಡ್ಡಹೆಸರುಗಳ ನಡುವೆ ಕುಳಿತ ಮದುಮಗಳ ಅಡ್ಡಹೆಸರು ಮಾತ್ರ ಅಕ್ಕಿಕಾಳು ಬೀಳುವುದರೊಳಗೆ ಹೋಗಿರುತ್ತದೆ. ಕೆಲವು ಮನೆಗಳಲ್ಲಿ ತಟ್ಟೆಯಲ್ಲಿ ಅಕ್ಕಿ ಹರಡಿ, ಗಂಡನ ಉಂಗುರದಿಂದ ಅವಳಿಗೆ ಹೊಸ ಹೆಸರನ್ನೇ ಬರೆಯುತ್ತಾರೆ. ಸ್ಕಾಟ್ಲೆಂಡಿನಲ್ಲಿ ಹಿಂದಿನಿಂದ ಲಗ್ನವಾದ ಹೆಣ್ಣಿನ ತವರಿನ ಅಡ್ಡಹೆಸರು ಕಾಗದಪತ್ರದಲ್ಲಿ ಹೋಗುತ್ತಿರಲಿಲ್ಲವಂತೆ, ಗೋರಿಯ ಕಲ್ಲಿನ ಮೇಲೂ ಅದನ್ನೇ ಕೆತ್ತಿಸುತ್ತಿದ್ದರು. ನನ್ನ ಪಿಂಚಣಿಯ ಕಾಗದದ ಕಾಲಕ್ಕೆ ಒಂದು ಕಚೇರಿಯವರು, ಪತ್ತಾರ ಎಂಬವಳೂ ಬಡಿಗೇರ ಎಂಬವಳೂ ಒಬ್ಬಳೇ ಎನ್ನುವುದಕ್ಕೆ ಪುರಾವೆ ಕೇಳಿ ಏಳು ತಿಂಗಳು ಓಡಾಡಿಸಿದರು. ಮೆಟ್ರಿಕ್ ಸರ್ಟಿಫಿಕೇಟಿನಲ್ಲಿದ್ದ ಹುಡುಗಿ ಎಲ್ಲಿಗೆ ಹೋದಳೆಂದು ನಾನೇ ಅವರನ್ನು ಕೇಳಬೇಕಿತ್ತು.

ಇಷ್ಟೆಲ್ಲ ಹೇಳಿ, ಅಡ್ಡಹೆಸರು ಎಂದರೆ ಹೆಮ್ಮೆ, ಅದನ್ನು ಕಾಪಾಡಿಕೊಳ್ಳಿ ಎಂದು ನಾನು ಭಾಷಣ ಮಾಡಲಾರೆ. ಸ್ಮಿತ್ ಎಂದು ಹೇಳಿಕೊಂಡವನನ್ನು ಇಂದು ಯಾರೂ ಹೊರಗೆ ನಿಲ್ಲಿಸುವುದಿಲ್ಲ. ನಮ್ಮ ಕಸುಬಿನ ಹೆಸರಿನಲ್ಲಿ ಜಾತಿಯೂ ಕೂತಿದೆ. ಕಣದಲ್ಲಿ ಕಾಳು ಕೊಟ್ಟ ಕೈಯೇ ಜಗಲಿಯ ಮೇಲೆ ಹತ್ತಬೇಡ ಎಂದದ್ದೂ ಇದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಲಸಕ್ಕೆಂದು ಬೆಂಗಳೂರಿಗೆ ಹೋಗುವ ಮೊದಲು ಬಂದು ಕೂತಳು. 'ಅಕ್ಕೋರೆ, ಅಫಿಡವಿಟ್ ಮಾಡಿಸಿ ಅಡ್ಡಹೆಸರು ತೆಗಸಬೇಕಂತ ಮಾಡೇನಿ. ಬಾಡಿಗಿ ಮನಿ ಕೇಳಾಕ ಹ್ವಾದ್ರ ಮೊದಲ ಅದನ್ನ ಕೇಳ್ತಾರಂತ' ಎಂದಳು. ಮಡಿವಾಳ ಮಾಚಯ್ಯನ ಕಥೆಯನ್ನು ಅವಳಿಗೆ ಹೇಳುವ ಮನಸ್ಸಾಗಲಿಲ್ಲ. ಶಾಲೆಯಲ್ಲಿ ನಾನೇ ಹೇಳಿದ್ದೆ, ಅವಳಿಗೆ ಬಾಯಿಪಾಠವಿತ್ತು. ಬಾಡಿಗೆ ಮನೆಯ ಯಜಮಾನನಿಗೆ ಅದು ಪಾಠವಾಗಿರಲಿಲ್ಲ, ಅಷ್ಟೇ. ವಕೀಲರ ವಿಳಾಸ ಬರೆದುಕೊಟ್ಟೆ. ಇನ್ನೊಂದು ಕಡೆ, ಕಂಬಾರ ಎಂಬ ಕಮ್ಮಾರಿಕೆಯ ಹೆಸರನ್ನೇ ಇಟ್ಟುಕೊಂಡು ಬೆಳಗಾವಿ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರರು ಜ್ಞಾನಪೀಠದವರೆಗೆ ಹೋದರು. ಇಟ್ಟುಕೊಳ್ಳುವುದೂ ಬಿಡುವುದೂ ಹೊತ್ತವರ ಇಷ್ಟ. ಹೊರದವರು ಬುದ್ಧಿ ಹೇಳುವುದು ಬೇಡ.

ಹೊಸ ಅಡ್ಡಹೆಸರುಗಳು ಹುಟ್ಟುವುದೂ ನಿಂತಿಲ್ಲ. ಅಳ್ನಾವರದಲ್ಲಿ ರೈಲು ಬಂದ ಮೇಲೆ ಗಾರ್ಡ್ ಸಾಹೇಬರ ಮನಿ, ಡ್ರೈವರ್ ಮನಿ, ಗ್ಯಾಂಗಮನ್ನರ ಓಣಿ ಎಂದೆಲ್ಲ ಆದವು. ನೌಕರಿಯಿಂದ ನಿವೃತ್ತರಾಗಿ ಸತ್ತವರ ಮನೆಗೂ ಅದೇ ಹೆಸರು ಉಳಿದಿದೆ. ಯಾವ ದಾಖಲೆಯಲ್ಲೂ ಇಲ್ಲದಿದ್ದರೂ ಊರ ಬಾಯಲ್ಲಿದೆ. ನಮ್ಮ ಓಣಿಯಲ್ಲಿ ಬಡಿಗೇರರ ಮನೆ ಆರಿರುವುದರಿಂದ ನನ್ನ ಮನೆಗೆ ಪತ್ರ ತರುವ ಹುಡುಗ 'ಅಕ್ಕೋರ ಮನಿ' ಎಂದೇ ಕೇಳಿಕೊಂಡು ಬರುತ್ತಾನೆ.

ಸ್ಟೇಶನ್ನಿನ ಕಡೆ ಹೋಗುವ ದಾರಿಯಲ್ಲಿ ಒಂದು ಕಿರಾಣಿ ಅಂಗಡಿ ಇದೆ. ಮುಂದಿನ ಬೋರ್ಡಿನ ಮೇಲೆ ದೇವರ ಹೆಸರಿದೆ, ಯಾರೂ ಅದನ್ನು ಓದುವುದಿಲ್ಲ. ಅಂಗಡಿಕಾರನ ತಾಯಿ ಹಿಂದೆ ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿದ್ದವರು. ಊರಿನ ಅರ್ಧ ಮಂದಿಯನ್ನು ಹೆರಿಗೆ ಕೋಣೆಯಲ್ಲಿ ಮೊದಲು ಎತ್ತಿಕೊಂಡವರು. ತೀರಿಹೋಗಿ ವರ್ಷಗಳಾದವು. ಅರವತ್ತು ದಾಟಿದ ದಪ್ಪ ಮೀಸೆಯ ಆ ಮನುಷ್ಯನಿಗೆ ಇಂದಿಗೂ ಎಲ್ಲರೂ 'ನರ್ಸಬಾಯಿ ಮಗ' ಎನ್ನುತ್ತಾರೆ, ಅಂಗಡಿಗೆ ನರ್ಸಬಾಯಿ ಅಂಗಡಿ. ಮೊನ್ನೆ ಎಣ್ಣೆ ತರಲು ಹೋದಾಗ ಗಲ್ಲೆಯ ಮೇಲೆ ಒಂದು ಹುಡುಗಿ ಕೂತಿತ್ತು. ಗುರುತು ಸಿಗದೆ 'ಯಾರ ಪೈಕಿ ತಂಗೀ ನೀನು?' ಎಂದು ಕೇಳಿದೆ. ತಕ್ಕಡಿಯಿಂದ ಕಣ್ಣು ತೆಗೆಯದೆ 'ನರ್ಸಬಾಯಿಯವರು' ಎಂದಳು.